ಕಂಪ್ಯೂಟರಿನಲ್ಲಿ ಒಂದು ಇಳಕಲ್ ಸೀರೆ

ಆ ಮಾತನ್ನು ಆಡಿದವನು ನಾನೋ, ಹುಡುಗನ ತಂದೆಯೋ ಎಂಬುದು ಇಂದಿಗೂ ನನಗೆ ಖಚಿತವಿಲ್ಲ. ನೆನಪು ಸಾಮಾನ್ಯವಾಗಿ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಅದನ್ನು ನಂಬುವುದು ಕಷ್ಟ.

1986ರಲ್ಲಿ ನಾನು ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕೊನೆಯ ವರ್ಷದಲ್ಲಿದ್ದ ಹನಮಂತ ಇಳಕಲ್ಲಿನ ನೇಕಾರರ ಮಗ. ಸೀರೆಯ ಅಂಚಿಗೆ ಅಲ್ಲಿ ದಡಿ ಎನ್ನುತ್ತಾರೆ. ದಡಿಯ ವಿನ್ಯಾಸ ಕೊಟ್ಟರೆ, ಪ್ರತಿ ಸಾಲಿನಲ್ಲಿ ಯಾವ ಎಳೆ ಮೇಲೇಳಬೇಕೆಂದು ತಿಳಿಸುವ ಪ್ರೋಗ್ರಾಮನ್ನು ಅವನು ಬೇಸಿಕ್ ಭಾಷೆಯಲ್ಲಿ ಬರೆಯಲು ಹೊರಟಿದ್ದ. ಈ ಪ್ರಾಜೆಕ್ಟಿನಲ್ಲಿ ಪಾಸಾಗದೆ ಡಿಗ್ರಿ ಇಲ್ಲ.

ಮಗ್ಗ ನೋಡಲು ಇಳಕಲ್ಲಿಗೆ ಹೋದೆ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಅವನ ತಂದೆ ಕೇಳಿದರು: "ಏನ್ರಿ ಸರ, ನಿಮ್ಮ ಮಿಷನ್ನಿಗೆ ಕಾಲು ನೋಯಂಗಿಲ್ಲೇನ್ರಿ?"

"ಅದಕ್ಕ ಕಾಲೇ ಇಲ್ಲಪ್ಪಾ" ಎಂದ ಹನಮಂತ.

"ಹಂಗಾರ ಅದು ನೇಕಾರ ಹೆಂಗಾದೀತಲೇ?"

ನಗುವಿನ ನಡುವೆ, ನಾನೋ ಅವರೋ, ಯಾರೋ ಅಂದರು: "ಸೆರಗಿಲ್ಲದ ಸೀರಿ ಯಾರ ಉಡ್ತಾರ?" ಮುಂದಿನ ವಾರ ಪ್ರಾಜೆಕ್ಟಿನ ಅರ್ಜಿಯಲ್ಲಿ ಸೆರಗೂ ಸೇರಿತ್ತು. ನಾನು ಸಹಿ ಮಾಡಿದೆ.

ದಡಿಯಲ್ಲಿ ಒಂದೇ ಚಿತ್ರ ಮರಳಿ ಮರಳಿ ಬರುತ್ತದೆ; ಒಮ್ಮೆ ಬರೆದರೆ ಮುಗಿಯಿತು. ಸೆರಗು ಹಾಗಲ್ಲ. ಅದರ ಹಾಸು, ಅಂದರೆ ಉದ್ದದ ಎಳೆಗಳೇ ಬೇರೆ; ಸೀರೆಯ ಮೈಯ ಹಾಸಿನೊಂದಿಗೆ ಅವನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು. ಕೆಂಪು, ಬಿಳಿ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಸಾಗುತ್ತವೆ. ಅಷ್ಟನ್ನೂ ಹಿಡಿದಿಟ್ಟುಕೊಳ್ಳುವ ಮೆಮರಿ ನಮ್ಮ ಪುಟ್ಟ ಯಂತ್ರಕ್ಕೆ ಇರಲಿಲ್ಲ.

ಪರೀಕ್ಷೆಗೆ ತಿಂಗಳಿರುವಾಗ ಹನಮಂತ ಬಂದ. "ಸರ, ದಡಿ ಅಷ್ಟ ಕೊಡ್ತೇನ್ರಿ. ಸೆರಗು ನನ್ನ ಕೈಲೆ ಆಗಂಗಿಲ್ಲ."

"ಸಹಿ ಆದ ಮ್ಯಾಲೆ ಹಿಂದ ಸರಿಯೂದು ಛಲೋ ಅಲ್ಲ. ಮಾಡು" ಎಂದೆ. ಇದನ್ನು ಹೇಳಿದವನು ನಾನೇ. ಇದರಲ್ಲಿ ಅನುಮಾನವಿಲ್ಲ.

ಪರೀಕ್ಷೆಯ ದಿನ ಪ್ರೋಗ್ರಾಮು ಓಡಲಿಲ್ಲ. ಮೆಮರಿ ಸಾಲದೆಂಬ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಸೀರಿ ಎಲ್ಲೈತಪಾ?" ಎಂದರು.

"ದಡಿ ಬ್ಯಾರೆ ಮಾಡಿ ತೋರಿಸ್ಲೇನ್ರಿ? ಒಂದ ತಾಸು ಕೊಡ್ರಿ" ಎಂದ ಹನಮಂತ.

ಪರೀಕ್ಷಕರು ನನ್ನ ಮುಖ ನೋಡಿದರು. ಮಾರ್ಗದರ್ಶಕ ನಾನು. ಒಂದು ಮಾತು ಸಾಕಿತ್ತು. ನಾನು ಕೈಗಡಿಯಾರ ನೋಡಿಕೊಂಡೆ.

ಅವನು ನಪಾಸಾದ. ಮರುಪರೀಕ್ಷೆಗೆ ಬರಲಿಲ್ಲ. ಎರಡು ವರ್ಷಗಳ ನಂತರ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ಹೆಗಲ ಮೇಲಿದ್ದ ಸೀರೆಯ ಗಂಟನ್ನು ಇಳಿಸಿ ಚಹಾ ಕುಡಿಸಿದ. "ಮನಿಗೆ ಬರ್ರಿ ಸರ" ಎಂದ. ನಾನು ಹೋಗಲಿಲ್ಲ.

ವಿದ್ಯಾರ್ಥಿಯ ಕನಸನ್ನು ಹಿಗ್ಗಿಸುವುದಕ್ಕಿಂತ, ಅದನ್ನು ಸಕಾಲದಲ್ಲಿ ಕತ್ತರಿಸಿ ಕೊಡುವುದೇ ಮೇಷ್ಟ್ರ ಕೆಲಸ ಎಂಬುದನ್ನು ನಾನು ತಡವಾಗಿ ಕಲಿತೆ.

ನಿವೃತ್ತಿಗೆ ಮುಂಚೆ ಕಪಾಟು ಖಾಲಿ ಮಾಡುವಾಗ ಅವನ ಪ್ರೋಗ್ರಾಮಿನ ಮುದ್ರಿತ ಹಾಳೆಗಳು ಸಿಕ್ಕವು. ದಡಿಯ ಭಾಗವನ್ನಷ್ಟೇ ಬೇರೆ ಮಾಡಿ, ಒಂದೊಂದೇ ಸಾಲು ಟೈಪ್ ಮಾಡಿ ಓಡಿಸಿದೆ. ಬಂದ ಉತ್ತರವನ್ನು ಹಿಡಿದುಕೊಂಡು, ಅದೇ ಗೋಮಿ ವಿನ್ಯಾಸದ ದಡಿಯಿದ್ದ ಹೆಂಡತಿಯ ಇಳಕಲ್ ಸೀರೆಯನ್ನು ಕಿಟಕಿಯ ಬಳಿ ಹಾಸಿ, ಭೂತಗನ್ನಡಿಯಿಂದ ಎಳೆಗಳನ್ನು ಎಣಿಸಿದೆ. ಮರುದಿನ ಇನ್ನೊಮ್ಮೆ ಎಣಿಸಿದೆ. ಒಂದು ಎಳೆಯೂ ತಪ್ಪಿರಲಿಲ್ಲ.