ಪುಟದ ಮೇಲಿನ ಕಲ್ಲು

ಮೇಷ್ಟ್ರ ಬಲಗೈ ಹೆಬ್ಬೆರಳು ಯಾವಾಗಲೂ ಕೆಂಪಗಿರುತ್ತಿತ್ತು. ಸಂಡೂರಿನ ಅದಿರುಗಲ್ಲು ಉಜ್ಜಿ ಉಜ್ಜಿ ಹತ್ತಿದ ಬಣ್ಣ, ಸೋಪಿಗೂ ಹೋಗುತ್ತಿರಲಿಲ್ಲ. ಹೋದ ವರ್ಷ ಈಸ್ಟರ್ ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಆ ಬೆರಳು ಬೈಬಲಿನ ಮೊದಲ ಪುಟದ ಮೇಲಿತ್ತು. ಎಲ್ಲ ಕೆಡಲು ಶುರುವಾದದ್ದು ಆಗ.

ಟಿ.ಬಿ. ಡ್ಯಾಮಿನ ಹೈಸ್ಕೂಲಿನಲ್ಲಿ ಅವರು ನನಗೆ ವಿಜ್ಞಾನದ ಮೇಷ್ಟ್ರು. ನಾನು ಕಡ್ಡಿರಾಂಪುರದ ಒಕ್ಕಲು ಮನೆಯವಳು. ಹಂಪಿಯ ಬಂಡೆಗಳನ್ನು ದಿನವೂ ಕಂಡು ಸುಮ್ಮನಿದ್ದ ನನ್ನನ್ನು ಭೂವಿಜ್ಞಾನಕ್ಕೆ ಹಚ್ಚಿದವರು ಅವರೇ. ಎಂ.ಎಸ್ಸಿ. ಮುಗಿಸಿದ ಮೇಲೂ, "ಏನವಾ ಕಲ್ಲಿನ ಡಾಕ್ಟ್ರೇ, ಇವತ್ತು ಯಾವ ಗುಂಡುಕಲ್ಲಿಗೆ ಜ್ವರ ಬಂದೈತಿ?" ಎಂದು ರೇಗಿಸುತ್ತಿದ್ದರು.

ಈಸ್ಟರ್ ಆದ ಮರುವಾರ ಬೈಬಲನ್ನು ಮತ್ತೆ ಮೊದಲಿನಿಂದ ಓದಲು ತೊಡಗುವುದು ಅವರ ಚರ್ಚಿನ ರೂಢಿ. ಸೃಷ್ಟಿಯ ಅಧ್ಯಾಯ ಮೇಷ್ಟ್ರ ಪಾಲಿನದು. ಆ ದಿನಕ್ಕೆಂದೇ ಹೊಸ ಅಂಗಿ ಹೊಲಿಸುತ್ತಿದ್ದರು. ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಫ್ಯಾನಿನ ಗಾಳಿಗೆ ಪುಟ ಹಾರದಂತೆ ಪಟ್ಟೆಪಟ್ಟೆಯ ಸಂಡೂರು ಕಲ್ಲೊಂದನ್ನು ಅದರ ಮೇಲಿಡುತ್ತಿದ್ದರು.

ಅಂದು ಓದು ಮುಗಿದಾಗ ಮುಂದೆ ಕೂತಿದ್ದ ಪುಟ್ಟ ಹುಡುಗಿ ಕೇಳಿದಳು: "ಸರ್, ಆ ಕಲ್ಲಿಗೆ ಎಷ್ಟು ವರ್ಷ?"

"ಇನ್ನೂರು ಕೋಟಿ ವರ್ಷಕ್ಕೂ ಜಾಸ್ತಿ ಆಗೈತವಾ."

ಸಭೆಯ ಹಿರಿಯರೊಬ್ಬರು ಎದ್ದರು. ಲೋಕ ಹುಟ್ಟಿ ಆರು ಸಾವಿರ ವರ್ಷವೆಂದು ನಂಬಿದವರು. "ಆರು ದಿನದಾಗ ಸೃಷ್ಟಿ ಅಂತ ಈಗರ ಓದಿದ್ರಿ. ಹಂಗಾರ ಪುಸ್ತಕ ಸುಳ್ಳೇನ್ರಿ?"

"ಪುಸ್ತಕಾನೂ ದೇವರದು, ಕಲ್ಲೂ ಆತಂದು. ಅವೆರಡಕ್ಕ ಜಗಳ ಇಲ್ಲರಿ. ಓದೋ ನಾವು ಭಾಳ ಅವಸರದಾಗ ಅದೀವಿ."

ಕೆಲವರು ನಕ್ಕರು. ಹಿರಿಯರು ನಗಲಿಲ್ಲ. ಮುಂದಿನ ವಾರ ಷರತ್ತು ಬಂತು: ಕಲ್ಲಿನ ವಯಸ್ಸು ತಪ್ಪಾಗಿ ಹೇಳಿದೆನೆಂದು ಸಭೆಯ ಮುಂದೆ ಒಪ್ಪಿಕೊಳ್ಳಬೇಕು, ಇಲ್ಲವಾದರೆ ಇನ್ನು ಓದುವಂತಿಲ್ಲ. ಕಲ್ಲನ್ನು ಅಷ್ಟರಲ್ಲೇ ಯಾರೋ ಕಾಲುವೆಗೆ ಎಸೆದಿದ್ದರು.

"ಒಂದ್ ಮಾತು ಅಂದುಬಿಡ್ರಿ ಸರ್," ಎಂದೆ.

"ಸುಳ್ಳು ಹೇಳಿದ ಬಾಯಿಲೆ ದೇವರ ವಾಕ್ಯ ಓದ್ಲೇನವಾ?"

ಅಂದಿನಿಂದ ಅವರ ಜಾಗವೂ ಕೊನೆಯ ಬೆಂಚು. ಬೇರೆಯವರು ಓದುವಾಗ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತೆಂದು ಅವರ ಹೆಂಡತಿ, ನಮ್ಮೆಲ್ಲರ ಅಮ್ಮಾರು, ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಮಳೆಗಾಲದಲ್ಲಿ ಅಂಥದೇ ಇನ್ನೊಂದು ಕಲ್ಲು ಹುಡುಕಲು ನಾವಿಬ್ಬರೂ ಸಂಡೂರಿನ ಗುಡ್ಡಕ್ಕೆ ಹೋದೆವು. ರಸ್ತೆಗೆಂದು ಗುಡ್ಡ ಕಡಿದಿದ್ದ ಜಾಗ, ತೊಯ್ದ ಮಣ್ಣು. ಒಂದು ಚೂರು ಆರಿಸಿ ಹೆಬ್ಬೆರಳಿನಿಂದ ಒರೆಸಿ, "ನೋಡಿಲ್ಲಿ, ಒಂದೊಂದು ಗೆರಿಗೂ ಎಷ್ಟು ತಾಳ್ಮಿ!" ಎಂದರು. ಮೇಲಿನಿಂದ ಹರಳು ಉದುರುವ ಸಣ್ಣ ಸದ್ದು. ನನಗೆ ಕೇಳಿಸಿತು, ಅರ್ಥವಾಗಲಿಲ್ಲ. ಅವರಿಗೆ ಅರ್ಥವಾಯಿತು.

"ಅತ್ತ ಸರಿಯವಾ!"

ಬೆನ್ನಿಗೆ ಅಂಗೈಯಿಟ್ಟು ದೂಡಿದರು. ನಾನು ಬಿದ್ದು ತಿರುಗಿ ನೋಡಿದರೆ ಅವರು ನಿಂತಿದ್ದಲ್ಲಿ ಕೆಂಪು ರಾಶಿ. ಬರಿಗೈಯಲ್ಲಿ ಕೆದರಿದೆ, ಕೂಗಿದೆ, ಮತ್ತೆ ಕೆದರಿದೆ. ಮೊದಲು ಸಿಕ್ಕಿದ್ದು ಅವರ ಮುಷ್ಟಿ. ಒಳಗೆ ಆ ಚೂರು ಹಾಗೇ ಇತ್ತು.

ಮಣ್ಣು ಮಾಡುವಾಗ ಆ ಹಿರಿಯರು ಮೆಲ್ಲಗೆ ಆಡಿದ ಮಾತು ಎಲ್ಲರಿಗೂ ಕೇಳಿಸಿತು: "ಕಲ್ಲು ನಂಬಿದ್ರು. ಕಲ್ಲೇ ಅವರ್ನ ತಗೊಂಡು ಹೋತು."

ಅಮ್ಮಾರು ನನ್ನ ಕೈಯಿಂದ ಆ ಚೂರನ್ನು ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

ನನ್ನ ನಿದ್ದೆ ಹೋಯಿತು. ಒಗ್ಗರಣೆಗೆ ಸಾಸಿವೆ ಸಿಡಿದರೂ, ಅವ್ವ ಮೊರದಲ್ಲಿ ಅಕ್ಕಿ ಕೇರಿದರೂ ಅದೇ ಹರಳಿನ ಸದ್ದು. ಕಣ್ಣು ಮುಚ್ಚಿದರೆ ಬೆನ್ನಿಗೆ ಆ ಅಂಗೈ.

ಈ ಸಲ ಈಸ್ಟರ್ ಕಳೆದ ಭಾನುವಾರ ಓದಲು ಎದ್ದವರು ಅಮ್ಮಾರು. ಪಾದ್ರಿಗಳನ್ನು ತಾವೇ ಕೇಳಿಕೊಂಡಿದ್ದರಂತೆ. ಸೆರಗಿನ ಗಂಟು ಬಿಚ್ಚಿ ಆ ಚೂರನ್ನು ತೆಗೆದು ಪುಟದ ಮೇಲಿಟ್ಟರು. ಹಿರಿಯರು ಎದ್ದು ಹೋಗಿ ಫ್ಯಾನ್ ಆರಿಸಿದರು. ಗಾಳಿಯೇ ಇಲ್ಲದಿದ್ದರೆ ಕಲ್ಲಿಗೇನು ಕೆಲಸ?

"ಫ್ಯಾನ್ ಹಚ್ರಿ ಅಣ್ಣಾರೆ," ಎಂದರು ಅಮ್ಮಾರು. "ಕೂಸುಗಳಿಗೆ ಸೆಕಿ ಆಗ್ತೈತಿ."

ಹಿರಿಯರು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಗೋಡೆ ನೋಡುತ್ತ ನಿಂತರು. ಆಮೇಲೆ ಫ್ಯಾನ್ ತಿರುಗಿತು. ಪುಟದ ಅಂಚು ಪಟಪಟಿಸಿತು, ಪುಟ ಹಾರಲಿಲ್ಲ. ಅಮ್ಮಾರ ದನಿ ನಡುಗುತ್ತಲೇ ಇತ್ತು, ಆದರೂ ಅಧ್ಯಾಯ ಮುಗಿಯುವವರೆಗೆ ಎಲ್ಲೂ ನಿಲ್ಲಲಿಲ್ಲ. ನನ್ನ ಪಕ್ಕದ ಜಾಗ ಖಾಲಿಯಿತ್ತು.

ಅಂದು ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಮರುದಿನದ ಬಿಸಿಲು ಮುಖಕ್ಕೆ ಬಿದ್ದಾಗ.