ಬಂದೂಕಿನ ಹಿಡಿಯ ಮೇಲಿನ ಕುಂಕುಮ

ಶೂಟಿಂಗ್ ಕ್ಲಬ್ಬಿಗೆಂದು ಕೊಂಡಿದ್ದ ಬಂದೂಕನ್ನು ಮಾರಲು ನಾನೂ ಹೆಂಡತಿಯೂ ಹಿಕ್ಸ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಸಣ್ಣ ಊರೊಂದರ ಗನ್ ಶೋಗೆ, ಅಂದರೆ ಬಂದೂಕು ಕೊಳ್ಳುವ ಮಾರುವ ಸಂತೆಗೆ, ಹೋಗಿದ್ದೆವು. ಬಾಗಿಲಲ್ಲಿ ಬಂದೂಕು ತಪಾಸಣೆ ಮಾಡುತ್ತಿದ್ದ ಮುದುಕ ಹಿಡಿಯ ಮೇಲಿನ ಕೆಂಪು ಕಲೆ ನೋಡಿ ತಲೆಯೆತ್ತಿದ.

“ಇದು ರಕ್ತವಾ?”

ಹಿಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ಸೆಕ್ಯುರಿಟಿಯವನು ಹತ್ತಿರ ಬಂದ. ಪೊಲೀಸರನ್ನು ಕರೆದರೆ ಏನು ಗತಿ?

“ಆಯುಧಪೂಜೆ ಕುಂಕುಮ ಒರೆಸ್ರೀ ಅಂತ ಬಡ್ಕೊಂಡೆ,” ಹೆಂಡತಿ ಪಿಸುಗುಟ್ಟಿದಳು.

“ಈಗ ಕನ್ನಡ ಬೇಡ ಕಣೇ, ಸುಮ್ನಿರು.”

ಜೇಬಿಗೆ ಕೈ ಹಾಕಲೂ ಭಯ. ಅನುಮತಿ ಕೇಳಿಯೇ ಫೋನ್ ತೆಗೆದು ಪೂಜೆಯ ಫೋಟೊ ತೋರಿಸಿದೆ. ಕಾರು, ಲ್ಯಾಪ್‌ಟಾಪ್, ಬಂದೂಕು, ಎಲ್ಲದರ ಮೇಲೂ ಅದೇ ಕೆಂಪು.

“ಈ ಗಾಜಿನ ಫ್ರೇಮು?” ಫೋಟೊದ ಮೂಲೆಗೆ ಬೆರಳಿಟ್ಟ ಮುದುಕ.

“ನನ್ನ ಇಂಜಿನಿಯರಿಂಗ್ ಡಿಗ್ರಿ. ನಮ್ಮ ವಂಶಕ್ಕೇ ಮೊದಲನೆಯದು. ಅನ್ನ ಕೊಡುವ ಸಾಧನಗಳಿಗೆ ವರ್ಷಕ್ಕೊಮ್ಮೆ ಪೂಜೆ ಮಾಡುತ್ತೇವೆ.”

“ಹಾಗಾದರೆ ಬಂದೂಕಿನಿಂದ ಏನು ಸಂಪಾದನೆ?”

“ಇವತ್ತು ಮಾರಾಟವಾದರೆ ಅದೇ ಮೊದಲ ಸಂಪಾದನೆ, ಸರ್.”

ಹಿಂದೆ ಯಾರೋ ನಕ್ಕರು. ಮುದುಕ ನಗಲಿಲ್ಲ. ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಪುಡಿ ಉದುರಿದ್ದನ್ನು ನೋಡಿ, ಮೂಸಿದ.

“ಒರೆಸಿಕೊಂಡು ಒಳಗೆ ಹೋಗು.”

ಕರ್ಚೀಫಿನಿಂದ ಒರೆಸಿ ಬಂದೂಕನ್ನು ಎತ್ತಿಕೊಂಡೆ.

“ಡಿಗ್ರಿ ಮೇಲಿನ ಕುಂಕುಮ ಹಾಗೇ ಇರ್ಲಿ,” ಎಂದಳು ಹೆಂಡತಿ.