ಬಲಗಡೆ ಬಿದ್ದ ಹೂವು

ಪುಟ್ಟಿ, ಚಿನ್ನು,

ನಿಮ್ಮ ಕಾಲೇಜಿನ ಹೆಸರುಗಳು ಇಲ್ಲಿ ಬೇಡ, ನಾನು ಕರೆಯುವ ಹೆಸರೇ ಸಾಕು. ಪುಟ್ಟಿಯ ಹಳೆಯ ರೆಕಾರ್ಡ್ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಒಂದು ಪಕ್ಕ ಗೆರೆ ಇದೆ, ಇನ್ನೊಂದು ಪಕ್ಕ ಖಾಲಿ. ಗೆರೆ ಇರುವ ಕಡೆ ಮಾತ್ರ ಬರೆಯುತ್ತೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಕೈ ಇದು, ಗೆರೆ ಇಲ್ಲದಿದ್ದರೆ ಸೊಟ್ಟ ಹೋಗುತ್ತದೆ.

ಹೋದ ಭಾನುವಾರ ಬೆಳಿಗ್ಗೆ ಪುಟ್ಟಿ ಹಾಸನದ ಹಾಸ್ಟೆಲ್‌ನಿಂದ ಫೋನ್ ಮಾಡಿದಾಗ ನಿಮ್ಮಮ್ಮ ಸ್ಪೀಕರ್ ಹಾಕಿದ್ದಳು. ನಾನು ದೋಸೆ ಹುಯ್ಯುತ್ತಿದ್ದೆ. ಪುಣೆಯಲ್ಲಿ ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಹೋಗಲೋ ಬೇಡವೋ ತಿಳಿಯುತ್ತಿಲ್ಲ ಎಂದಳು ಪುಟ್ಟಿ. ಆಮೇಲೆ ನಗುತ್ತಾ, "ಅಜ್ಜೀ, ನೀನು ಅವ್ವನ ಗುಡೀಲಿ ನಂಗೂ ಒಂದು ಹೂ ಕೇಳಿಸ್ಕೊಂಡು ಬಾ. ಎಡಗಡೆ ಬಿದ್ರೆ ಅಮ್ಮಂಗೆ ಖುಷಿ, ಬಲಗಡೆ ಬಿದ್ರೆ ನಂಗೆ ಭಯ!" ಎಂದಳು.

ನಿಮ್ಮಮ್ಮ ತಟ್ಟನೆ ಹೇಳಿದಳು: "ಹೂವಂತೆ ಹೂವು! ಆ ಹೂವಿನ ನೆಪದಲ್ಲೇ ನಮ್ಮಜ್ಜಿ ಅಮ್ಮನ್ನ ಹಳ್ಳೀಲಿ ಕಟ್ಟಿಹಾಕಿದ್ದು. ಪೂಜಾರಿಗೆ ಮೊದ್ಲೇ ಹೇಳಿಟ್ಟಿತ್ತು ಮುದುಕಿ."

ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ಮಾತಾಡದೆ ಇರುವುದು ನನಗೆ ಅಭ್ಯಾಸ. ಆದರೆ ನಿಮ್ಮಮ್ಮ ಹೇಳಿದ್ದು ಸುಳ್ಳು. ಅದು ಸುಳ್ಳೆಂದು ಬಲ್ಲವಳು ಈಗ ಬದುಕಿರುವವರಲ್ಲಿ ನಾನೊಬ್ಬಳೇ. ಪುಟ್ಟಿ ತೀರ್ಮಾನ ಮಾಡುವ ಮೊದಲು ಇದನ್ನು ಹೇಳಿಬಿಡಬೇಕು.

ನಮ್ಮ ಊರು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ, ಟಾರು ರಸ್ತೆಯಿಂದ ಒಂದು ಮೈಲಿ ಒಳಗೆ. ನಿಮ್ಮ ತಾತ ಅರಸೀಕೆರೆಯ ಕಾಯಿ ಮಂಡಿಯಲ್ಲಿ ಲೋಡು ಹೊರುತ್ತಿದ್ದರು. ಲಾರಿ ಮಗುಚಿ ಅವರು ತೀರಿಹೋದಾಗ ನನಗೆ ಇಪ್ಪತ್ತೊಂದು, ನಿಮ್ಮಮ್ಮನಿಗೆ ಎರಡು ವರ್ಷ. ತವರಿನಲ್ಲಿ ಅಪ್ಪ ಅಮ್ಮ ಇರಲಿಲ್ಲ. ಮನೆಯಲ್ಲಿ ಉಳಿದವರು ನಾನು, ಮಗು, ಅತ್ತೆ. ಅತ್ತೆಯೂ ಗಂಡನನ್ನು ಕಳೆದುಕೊಂಡವರೇ. ಕಡಿಮೆ ಮಾತು, ಒರಟು ದನಿ. ಅವರು ಹುಲ್ಲು ಕೊಯ್ಯಲು ಹೋದರೆ ನಾನು ಒಲೆ ಮುಂದೆ, ನಾನು ನೀರಿಗೆ ಹೋದರೆ ಅವರು ಒಲೆ ಮುಂದೆ. ಹೀಗೆ ಒಂದು ವರ್ಷ ಕಳೆಯಿತು.

ಆಗ ಬೇಲೂರಿನಲ್ಲಿ ವಿಧವೆಯರಿಗೆ ಆರು ತಿಂಗಳು ಉಚಿತವಾಗಿ ಹೊಲಿಗೆ ಕಲಿಸುತ್ತಾರೆಂದು ಯಾರೋ ಹೇಳಿದರು. ಕಳಿಸಿದವರು ಅತ್ತೆಯೇ. "ಮಗೀನ ನಾ ನೋಡ್ಕತೀನಿ, ನೀ ಹೋಗು" ಎಂದರು, ಅಷ್ಟೆ.

ನಾನು ಎಂಥ ಹೆದರುಪುಕ್ಕಲಿ ಎಂದು ನಿಮಗೆ ಗೊತ್ತಿಲ್ಲ. ಮೊದಲ ವಾರ ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ಊರಿಗೆ ಇಳಿಯುವ ಗೇಟು ಬಂತು. "ಇಳೀತೀನಿ" ಎನ್ನಲು ಬಾಯಿ ಬರಲಿಲ್ಲ. ಬಸ್ಸು ಮುಂದೆ ಹೋಯಿತು. ಮುಂದಿನ ಊರಿನಲ್ಲಿ ಯಾರೋ ಇಳಿದಾಗ ಅವರ ಹಿಂದೆ ಇಳಿದೆ. ಕಂಡಕ್ಟರು ಟಿಕೆಟ್ ನೋಡಿ ಬೈದರು: "ಬಾಯಿಲ್ವೇನಮ್ಮ ನಿಂಗೆ? ಮನಸಲ್ಲಿರೋದು ತಿಳ್ಕಳಾಕೆ ಬಸ್ಸೇನ್ ದೇವ್ರಾ?" ಎರಡು ಮೈಲಿ ಹಿಂದಕ್ಕೆ ನಡೆದೆ.

ಬೇಲೂರಿನಲ್ಲಿ ಮಧ್ಯಾಹ್ನ ಉಳಿದ ಹೆಂಗಸರು ಸುತ್ತ ಕುಳಿತು ಬುತ್ತಿ ಹಂಚಿಕೊಳ್ಳುತ್ತಿದ್ದರು. ನಾನು ನನ್ನ ರೊಟ್ಟಿ ತೆಗೆದುಕೊಂಡು ದೇವಸ್ಥಾನದ ಅಂಗಳಕ್ಕೆ ಹೋಗಿ ಕೈಸಾಲೆಯ ಒಂದು ಕಂಬದ ಹಿಂದೆ ಕೂರುತ್ತಿದ್ದೆ. ಪ್ರವಾಸಿಗಳಿಗೆ ಗೈಡು ದಿನವೂ ಒಂದೇ ಮಾತು ಹೇಳುತ್ತಿದ್ದ. ನನಗೂ ಬಾಯಿಪಾಠವಾಗಿತ್ತು. ಅವನು ನಗುವ ಕಡೆ ನಾನೂ ನಗುತ್ತಿದ್ದೆ, ಕಂಬದ ಹಿಂದೆ. ಆರು ತಿಂಗಳಲ್ಲಿ ಬೇಲೂರಿನಲ್ಲಿ ನನಗಿದ್ದ ಜೊತೆ ಅದೇ.

ಆದರೆ ಕೈ ಚೆನ್ನಾಗಿತ್ತು. ಕಾಜಾ, ನೆರಿಗೆ, ಕಾಲರು ಎಲ್ಲ ಬೇಗ ಬಂತು. ಹೊಲಿಗೆ ಟೀಚರು ಮೈಸೂರಿನವರು. ಮುಗಿಯುವ ಹೊತ್ತಿಗೆ ಅವರೇ ಕರೆದು ಹೇಳಿದರು: "ಮೈಸೂರಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಿದೆ. ಯೂನಿಫಾರಂ ಹೊಲಿಯೋಕೆ ಜನ ಬೇಕು. ಇರೋಕೆ ಕೋಣೆ ಕೊಡ್ತಾರೆ, ಮಗಳು ಅಲ್ಲೇ ಶಾಲೆಗೆ ಹೋಗ್ಬಹುದು. ಬರ್ತೀಯಾ?" ನಾನು ತಲೆ ತಗ್ಗಿಸಿದೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು. ಹದಿನೈದು ದಿನದೊಳಗೆ ಬಂದು ಸೇರಬೇಕೆಂದು ಊರಿಗೆ ಕಾಗದ ಬಂತು.

ಆ ಕಾಗದ ಗೂಡಿನಲ್ಲಿ ದೀಪದ ಪಕ್ಕ ಇತ್ತು. ನಾನು ಅದರ ಮಾತೆತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಅವರಿಗೆ ನನ್ನನ್ನು ಬಿಡಲು ಇಷ್ಟವಿಲ್ಲ ಎಂದುಕೊಂಡೆ. ಅವರು ಏನೆಂದುಕೊಂಡಿದ್ದರೋ. ಎಂಟನೆಯ ದಿನ ಅವರೇ, "ನೀನೂ ಹೇಳಲ್ಲ, ನಂಗೂ ಹೇಳಾಕೆ ಬರಲ್ಲ. ಶುಕ್ರವಾರ ಹೋಗಿ ಅವ್ವನ್ನೇ ಕೇಳ್ಕಂಡ್ ಬಾ" ಎಂದರು.

ಅವ್ವ ಎಂದರೆ ಹಳೇಬೀಡಿನಿಂದ ಆಚೆ, ತೋಪಿನ ಒಳಗೆ ಇರುವ ದೇವಿ. ನೀವು ಅಲ್ಲಿ ಹೂ ಕೇಳುವುದನ್ನು ನೋಡಿಲ್ಲ. ಪೂಜಾರಿ ಒದ್ದೆ ಹೂವಿನ ಎಸಳುಗಳನ್ನು ದೇವಿಯ ಎರಡು ಭುಜಕ್ಕೂ ಅಂಟಿಸುತ್ತಾರೆ. ನಾವು ಕೇಳಿಕೊಂಡು ಕೈಮುಗಿದು ನಿಂತಿರಬೇಕು. ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಭುಜದ್ದು ಬಿದ್ದರೆ ಬೇಡ ಎಂದು. ಮದುವೆ, ಬಾವಿ, ಹಸು ಕೊಳ್ಳುವುದು, ಎಲ್ಲಕ್ಕೂ ನಮ್ಮ ಕಡೆಯವರು ಅಲ್ಲಿಗೇ ಹೋಗುತ್ತಿದ್ದರು. ಅವ್ವ ಆಗಲಿ ಎಂದಮೇಲೆ ಮಾಡದಿದ್ದರೆ ಅದು ಮನೆಗೆ ತಪ್ಪು ಎಂಬುದು ನಂಬಿಕೆ.

ನನ್ನ ಸರದಿ ಬಂದಾಗ, ಅತ್ತೆಯನ್ನು ಬಲ್ಲ ಪೂಜಾರಿ ಕಿವಿಗೊಟ್ಟರು. "ಗಟ್ಟಿಯಾಗ್ ಹೇಳವ್ವಾ. ನಂಗೇ ಕೇಳಲ್ಲ, ಒಳಗಿರೋಳಿಗ್ ಕೇಳ್ತದಾ?" ಎಂದರು. ಮೂರು ಸಲ ಹೇಳಿಸಿಕೊಂಡು ದೇವಿಯ ಕಡೆ ತಿರುಗಿ ಇಡೀ ತೋಪಿಗೆ ಕೇಳುವಂತೆ ಕೂಗಿದರು: "ಅವ್ವಾ, ಈ ಹೆಣ್ಣುಮಗಳು ಮೈಸೂರಿಗೆ ಕೆಲಸಕ್ಕೆ ಹೋಗ್ಲೋ ಬ್ಯಾಡ್ವೋ ಅಂತ ಕೇಳ್ತಾವ್ಳೆ. ಹೋಗಾದಾದ್ರೆ ಬಲಗಡೆ ಕೊಡು, ಬ್ಯಾಡಾದ್ರೆ ಎಡಗಡೆ ಕೊಡು!"

ಹಿಂದೆ ನಿಂತಿದ್ದ ಬೇರೆ ಊರಿನ ಇಬ್ಬರು ಹೆಂಗಸರು ಶುರು ಮಾಡಿದರು.

"ಮೈಸೂರಿಗಂತೆ ಕಣೇ."

"ಒಬ್ಳೇಯಾ?"

"ಹಣೆ ನೋಡು, ಗಂಡ ಇಲ್ಲ."

"ಅಯ್ಯೋ ಪಾಪ. ಕೊಟ್ಬುಡವ್ವಾ ಬ್ಯಾಗ, ಯಾವ ಕಡೆಗಾದ್ರೂ ಕೊಡು. ನಮ್ ಬಸ್ಸು ಹೊಂಟೋಯ್ತದೆ."

ನನ್ನ ಕಿವಿ ಸುಡುತ್ತಿತ್ತು. ಬಾಯಲ್ಲಿ ಕೇಳಿದ್ದು ಹೋಗಲೋ ಬೇಡವೋ ಎಂದು. ಮನಸ್ಸಿನಲ್ಲಿ ಬೇಡಿಕೊಂಡಿದ್ದು ಬೇರೆ: ಎಡಗಡೆ ಕೊಡು, ಅವ್ವಾ, ಎಡಗಡೆ ಕೊಡು. ಕಣ್ಣೆದುರು ಬರುತ್ತಿದ್ದುದು ಕೈಸಾಲೆಯ ಆ ಕಂಬ. ಬೇಲೂರಿನಲ್ಲಾದರೆ ಸಂಜೆ ಬಸ್ಸು ಇತ್ತು. ಮೈಸೂರಿನಲ್ಲಿ ಸಂಜೆಯಾದಮೇಲೆ ಎಲ್ಲಿಗೆ ಹೋಗಲಿ? ಮಗುವಿಗೆ ಜ್ವರ ಬಂದರೆ ಯಾವ ಬಾಗಿಲು ತಟ್ಟಲಿ, ತಟ್ಟಿ ಏನು ಹೇಳಲಿ?

ಹೂ ಬಿತ್ತು. ಬಲಗಡೆ.

"ಆಯ್ತು ಕಣವ್ವಾ, ಬಲಗಡೇಲೇ ಆಯ್ತು! ಧೈರ್ಯವಾಗಿ ಹೋಗು" ಎಂದು ಪೂಜಾರಿ ಆ ಎಸಳುಗಳನ್ನೇ ನನ್ನ ಸೆರಗಿಗೆ ಹಾಕಿದರು. ಹಿಂದಿನ ಹೆಂಗಸು ನನ್ನ ಬೆನ್ನು ಸವರಿ ಮುಂದೆ ಬಂದಳು.

ಹಳೇಬೀಡಿನಲ್ಲಿ ಬಸ್ಸಿಗೆ ಎರಡು ಗಂಟೆ ಕಾಯಬೇಕಿತ್ತು. ಕೆರೆಯ ದಡದಲ್ಲಿ ಕುಳಿತು ಸೆರಗಿನ ಗಂಟು ಬಿಚ್ಚಿದೆ. ಎಸಳುಗಳನ್ನು ನೀರಿಗೆ ಹಾಕಿದೆ. ಅವು ದೂರ ಹೋಗಲಿಲ್ಲ, ದಡದ ಪಾಚಿಗೆ ಅಂಟಿಕೊಂಡು ಅಲ್ಲೇ ನಿಂತವು. ಎದ್ದು ಬಸ್‌ಸ್ಟ್ಯಾಂಡಿಗೆ ಬಂದೆ.

ಮನೆಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಕುಳಿತಿದ್ದರು, ನಿಮ್ಮಮ್ಮ ಅವರ ತೊಡೆಯ ಮೇಲೆ ಮಲಗಿದ್ದಳು.

"ಏನಾಯ್ತವ್ವಾ?"

"ಎಡಗಡೆ ಆಯ್ತು ಅತ್ತೆ."

"ಎಡಗಡೆಯಾ?"

"ಹೂಂ."

ಅವರು ನನ್ನ ಮುಖ ನೋಡಿದರು. "ಸರಿ ಬುಡು. ಕೈಕಾಲ್ ತೊಳ್ಕೊ, ಮುದ್ದೆ ತೊಳಸ್ತೀನಿ" ಎಂದು ಎದ್ದರು.

ಒಳಗೆ ಹೋದರೆ ಮನೆಯೆಲ್ಲ ಹುರಿದ ರಾಗಿಯ ವಾಸನೆ. ಮೂಲೆಯಲ್ಲಿ ಹೊಸ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಗಂಟು. ಹುರಿಹಿಟ್ಟು. ಅದರ ಮೇಲೆ ಮಗುವಿನ ಎರಡು ಲಂಗ ಮಡಿಸಿ ಇಟ್ಟಿದ್ದರು.

"ಇದೇನತ್ತೆ?"

"ನೀ ಹೊಂಟೋಯ್ತೀಯೇನೋ ಅಂತ ಬೀಸಿ ಇಟ್ಟಿದ್ದೆ. ಅಲ್ಲಿ ಹೊತ್ಗೊತ್ಗೆ ಸಿಕ್ತದೋ ಇಲ್ವೋ. ಮಗು ಹಸ್ಕತದೆ."

ಮಾತಾಡುವ ಮೊದಲೇ ಆ ಗಂಟನ್ನು ನೋಡಿದ್ದರೆ ನನ್ನ ಬಾಯಲ್ಲಿ ನಿಜ ಬರುತ್ತಿತ್ತೇ? ಬಹಳ ಸಲ ಯೋಚಿಸಿದ್ದೇನೆ. ಗೊತ್ತಿಲ್ಲ. ಅತ್ತೆ ಗಂಟು ಬಿಚ್ಚಿ ಹಿಟ್ಟನ್ನು ಡಬ್ಬಕ್ಕೆ ಸುರಿದರು. ಒಂದು ತಿಂಗಳು ನಾವು ಮೂವರೂ ಬೆಲ್ಲ ಕಲೆಸಿ ಅದನ್ನೇ ತಿಂದೆವು.

ಟೀಚರಿಗೆ ಕಾರ್ಡು ಬರೆದೆ: ದೇವರ ಅಪ್ಪಣೆ ಆಗಲಿಲ್ಲ. ಕೆಲವು ತಿಂಗಳ ಮೇಲೆ ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. "ದೇವ್ರಲ್ಲ, ನಿಮ್ಮತ್ತೆ ಬಿಡಲಿಲ್ಲ, ಅಲ್ವಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ಹೌದು ಎಂದುಕೊಂಡರು. ಜೊತೆಗೆ ಹೊಲಿಗೆ ಕಲಿತಿದ್ದ ಜಾವಗಲ್ಲಿನ ಹೆಂಗಸು ಪಕ್ಕದಲ್ಲೇ ನಿಂತಿದ್ದಳು. ಮಾತು ಊರಿಗೆ ಬರಲು ಎಷ್ಟು ಹೊತ್ತು? ಅತ್ತೆ ಪೂಜಾರಿಗೆ ಹೇಳಿಟ್ಟು ಹೂವನ್ನು ಎಡಕ್ಕೆ ಬೀಳಿಸಿದರು ಎಂಬಲ್ಲಿಗೆ ಅದು ಬೆಳೆಯಿತು. ನಾನು ಯಾರ ಎದುರೂ ಅಲ್ಲ ಎನ್ನಲಿಲ್ಲ.

ನಿಮ್ಮಮ್ಮ ಅದನ್ನು ಕೇಳಿಕೊಂಡೇ ಬೆಳೆದಳು. ಅವಳು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ, ಅವರೆಕಾಯಿ ಕಾಲ. ಅತ್ತೆ ನೆನೆಸಿದ ಕಾಳನ್ನು ಹಿತುಕುತ್ತಾ ಕುಳಿತಿದ್ದರು. ಹೊಸ ಚಪ್ಪಲಿಗೋ ಯಾತಕ್ಕೋ ಜಗಳ ತೆಗೆದು ಇವಳು ಅಂದುಬಿಟ್ಟಳು: "ನೀನು ಬಿಟ್ಟಿದ್ರೆ ನಾವು ಮೈಸೂರಲ್ಲಿ ಇರ್ತಿದ್ವಿ. ಹಾಳಾಗ್ಲಿ ನಿನ್ ಹೂವು!" ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ನಿಮ್ಮಮ್ಮನ ಕಡೆ ತಿರುಗಿ, "ಹೂಂ ಕಣೇ, ನಾನೇ ಕೆಟ್ಟೋಳು. ಬಾ, ಒಂದಿಷ್ಟು ಹಿತುಕ್ಕೊಡು" ಎಂದರು. ಬೇಳೆ ಒಂದೊಂದೇ ತಟ್ಟೆಗೆ ಚಿಮ್ಮುತ್ತಿತ್ತು. ನಾನು ಹೋಗಿ ಹೊಲಿಗೆ ಮಿಷನ್ ಮುಂದೆ ಕುಳಿತು ತುಳಿಯತೊಡಗಿದೆ. ಸದ್ದಾಗಲಿ ಎಂದು.

ಊರಿನಲ್ಲೇ ರವಿಕೆ ಹೊಲಿದು ನಿಮ್ಮಮ್ಮನನ್ನು ಓದಿಸಿದೆ. ಅವಳು ಕಾಲೇಜಿನಲ್ಲಿದ್ದಾಗ ಅತ್ತೆ ಹೋದರು. ತಿಥಿಯ ಮೇಲೆ ಒಂದು ಶುಕ್ರವಾರ ಕಾಯಿ ಒಡೆಸಲು ಅವ್ವನ ಗುಡಿಗೆ ಹೋದೆ. ಅದೇ ಪೂಜಾರಿ, ಕಣ್ಣು ಮಂಜಾಗಿತ್ತು. ಊರು ಹೇಳಿದಮೇಲೆ ಗುರುತು ಹಿಡಿದರು.

"ನಿಮ್ಮತ್ತೆ ಗಟ್ಟಿಗಿತ್ತಿ ಕಣವ್ವಾ" ಎಂದರು. "ನೀ ಹೂ ಕೇಳ್ಕಂಡ್ ಹೋದೆಯಲ್ಲ, ಹದಿನೈದು ದಿನಕ್ಕೆ ಜಾವಗಲ್ ಸಂತೇಲಿ ಸಿಕ್ಕಿದ್ಳು. ಬಲಗಡೆ ಆಗಿತ್ತಲ್ಲ, ಸೊಸೆ ಹೊಂಟಳಾ ಅಂದೆ. ಕೈಲಿದ್ದ ಚೀಲ ಕೆಳಗಿಟ್ಳು. ಆಮೇಲೆ, ಇಲ್ಲ, ನಾನೇ ಬ್ಯಾಡ ಅಂದೆ, ಅವಳ್ದೇನೂ ತಪ್ಪಿಲ್ಲ ಅಂದ್ಳು. ಮಾರನೇ ಶುಕ್ರವಾರ ನಡ್ಕಂಡೇ ಬಂದು ಅವ್ವಂಗೆ ತಪ್ಪುಕಾಣಿಕೆ ಹಾಕ್ಬುಟ್ ಹೋದ್ಳು."

ಹದಿನೈದು ದಿನಕ್ಕೇ ಅವರಿಗೆ ಗೊತ್ತಾಗಿತ್ತು. ಹುರಿಹಿಟ್ಟು ಇನ್ನೂ ಮುಗಿದಿರಲಿಲ್ಲ. ಆಮೇಲೆ ಹದಿನಾರು ವರ್ಷ ನನ್ನ ಜೊತೆ ಒಂದೇ ಒಲೆಯಲ್ಲಿ ಉಂಡರು, ಒಂದು ಮಾತು ಕೇಳಲಿಲ್ಲ. ಅವರೆಕಾಳು ಹಿತುಕುತ್ತಿದ್ದ ದಿನವೂ ಗೊತ್ತಿತ್ತು. ನಾನು ಅವರನ್ನು ಒರಟು ಎಂದುಕೊಂಡು ದೂರವೇ ಇದ್ದೆ. ಒಂಟಿಯಾಗುತ್ತೇನೆಂದು ಹೆದರಿ ಊರಿನಲ್ಲಿ ಉಳಿದವಳು, ಇಷ್ಟು ಹತ್ತಿರ ಒಬ್ಬರು ಇದ್ದದ್ದನ್ನು ಅವರು ಹೋದಮೇಲೆ ತಿಳಿದೆ.

ಮೈಸೂರಿಗೆ ನಾನು ಹೋಗಿರುವುದು ಒಂದೇ ಸಲ, ನಿಮ್ಮ ಜೊತೆ, ಮೃಗಾಲಯ ನೋಡಲು. ನೀವು ಜಿರಾಫೆಯ ಮುಂದೆ ನಿಂತಿದ್ದಾಗ ಶಾಲೆಯ ಹುಡುಗಿಯರ ಸಾಲೊಂದು ಬಂತು. ನಾನು ಅವರ ಲಂಗದ ನೆರಿಗೆಗಳನ್ನೇ ನೋಡುತ್ತಿದ್ದೆ. ಒಬ್ಬಳದು ಅಂಚು ಬಿಚ್ಚಿತ್ತು. "ಅಜ್ಜಿ ಕಳೆದುಹೋದ್ಲು" ಎಂದು ಚಿನ್ನು ಅತ್ತದ್ದು ಆಗಲೇ.

ಈಗ ಅರಸೀಕೆರೆಯ ಈ ಮನೆಯಲ್ಲಿ ನಿಮ್ಮ ಅಪ್ಪ ಅಮ್ಮ ಆಫೀಸಿಗೆ, ಚಿನ್ನು ಕಾಲೇಜಿಗೆ ಹೋದಮೇಲೆ ಸಂಜೆಯವರೆಗೆ ನಾನೊಬ್ಬಳೇ. ಗಾಳಿ ಇತ್ತ ಬೀಸಿದರೆ ಸ್ಟೇಷನ್ನಿನ ಮೈಕು ಕೇಳುತ್ತದೆ. ಮೈಸೂರಿನ ಗಾಡಿ ಎಂದು ಕೂಗಿದಾಗ ಕೈಯಲ್ಲಿನ ಕೆಲಸ ಒಂದು ಗಳಿಗೆ ನಿಲ್ಲುತ್ತದೆ. ಹೋಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಹೇಳಲಾರೆ, ನಾನು ಹೋಗಲೇ ಇಲ್ಲವಲ್ಲ. ಹೋಗದೆ ಇದ್ದದ್ದಕ್ಕೂ ಅಷ್ಟು ಅಳು ಇಲ್ಲ. ಹೋಗದೆ ಇದ್ದದ್ದನ್ನು ಇನ್ನೊಬ್ಬರ ತಲೆಯ ಮೇಲೆ ಇಟ್ಟೆನಲ್ಲ, ಅದಕ್ಕೆ.

ಪುಟ್ಟಿ, ನಿನಗಾಗಿ ಹೂ ಕೇಳಲು ನಾನು ಹೋಗುವುದಿಲ್ಲ. ಹೋಗಬೇಕೆನಿಸಿದರೆ ಹೋಗು, ಹುರಿಹಿಟ್ಟು ನಾನು ಮಾಡಿಕೊಡುತ್ತೇನೆ. ಭಯವಾದರೆ ಭಯ ಎಂದೇ ಹೇಳು. ನಿಮ್ಮಮ್ಮ ಬಿಡಲಿಲ್ಲ ಎಂದು ಮಾತ್ರ ಯಾರೂ ಹೇಳುವಂತೆ ಮಾಡಬೇಡ.

ನೀವಿಬ್ಬರೂ ಓದಿದಮೇಲೆ ಇದನ್ನು ನಿಮ್ಮಮ್ಮನ ಕೈಗೆ ಕೊಡಿ. ನಾನು ಗುಡಿಗೋ ತರಕಾರಿಗೋ ಹೋದಾಗ ಕೊಡಿ, ಎದುರಿಗೆ ಬೇಡ. ಅವಳು ಸಿಟ್ಟಿನಲ್ಲಿ ಹರಿಯಲು ಹೋದರೆ ಕಿತ್ತುಕೊಳ್ಳಿ. ನನ್ನ ಅತ್ತೆಯ ಫೋಟೋ ಒಂದೂ ಇಲ್ಲ, ಅವರು ತೆಗೆಸಿಕೊಳ್ಳಲೇ ಇಲ್ಲ. ಅವರ ಬಗ್ಗೆ ಎಲ್ಲಾದರೂ ನಿಜ ಬರೆದದ್ದಿದ್ದರೆ ಈ ಕೆಲವು ಹಾಳೆ ಮಾತ್ರ. ನಿಮ್ಮ ಮಾರ್ಕ್ಸ್ ಕಾರ್ಡುಗಳಿರುವ ಪೆಟ್ಟಿಗೆಯಲ್ಲೇ, ತೇವ ತಾಗದಂತೆ, ಇದನ್ನೂ ಇಟ್ಟುಕೊಳ್ಳಿ.